ಮುಖದ ಮೂಳೆ ಮುರಿದ ಮೇಲೆ ಕಣ್ಣಲ್ಲಿ ನೀರು ನಿಲ್ಲುತ್ತಿಲ್ಲವೇ? ಕಣ್ಣೀರ ನಾಳದ ಪೆಟ್ಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕಿನಿಂದ ಬಿದ್ದು ಮುಖದ ಮೂಳೆ ಮುರಿದುಕೊಂಡವರು ಆಸ್ಪತ್ರೆಯಿಂದ ಮನೆಗೆ ಹೊರಡುವ ಹೊತ್ತಿಗೆ ಪ್ಲೇಟು, ಸ್ಕ್ರೂ, ಹಲ್ಲಿಗೆ ಕಟ್ಟಿದ ತಂತಿಗಳ ಬಗ್ಗೆ ಬೇಕಾದಷ್ಟು ಕೇಳಿ ತಿಳಿದುಕೊಂಡಿರುತ್ತಾರೆ. ಕಣ್ಣೀರ ನಾಳದ ಮಾತು ಮಾತ್ರ ಬಂದಿರುವುದೇ ಇಲ್ಲ. ಊತ ಇಳಿದು, ಮುಖ ಮೊದಲಿನಂತಾಗಿ, ಕೆಲಸಕ್ಕೆ ಹೋಗತೊಡಗಿದ ಮೇಲೂ ಒಂದು ಕಣ್ಣು ಮಾತ್ರ ಸದಾ ಒದ್ದೆ. ಪೆಟ್ಟು ಬಿದ್ದ ಕಣ್ಣು, ನೀರು ಬಂದೇ ಬರುತ್ತದೆ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಹಾಗೆ ಸುಮ್ಮನಿದ್ದವರಲ್ಲಿ ಕೆಲವರು ಮುಂದೆ ಕಣ್ಣಿನ ಮೂಲೆಯಲ್ಲಿ ಕೀವು ಕಟ್ಟಿಕೊಂಡು ಬರುತ್ತಾರೆ. ಕಣ್ಣೀರ ದಾರಿಗೆ ಬಿದ್ದ ಕೆಲವು ಪೆಟ್ಟುಗಳಿಗೆ ಒಂದೆರಡು ದಿನಗಳೊಳಗೆ ಚಿಕಿತ್ಸೆ ಆಗಬೇಕು, ಕೆಲವಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಆಗುವ ನಷ್ಟವೇ ಹೆಚ್ಚು. ಅದಕ್ಕಾಗಿ ಈ ಪುಟ.

ಮೂಳೆ ಮುರಿದದ್ದು ಮೂಗಿನ ಹತ್ತಿರ. ಕಣ್ಣಲ್ಲಿ ಯಾಕೆ ನೀರು?

ಕಣ್ಣೀರು ಹುಟ್ಟುವುದು ಕಣ್ಣಿನ ಹೊರಮೂಲೆಯ ಮೇಲ್ಭಾಗದಲ್ಲಿರುವ ಗ್ರಂಥಿಯಲ್ಲಿ. ರೆಪ್ಪೆ ಬಡಿದಾಗಲೆಲ್ಲ ಅದು ಕಣ್ಣಿನ ಮೇಲೆ ಹರಡಿ, ಮೂಗಿನ ಕಡೆಯ ಒಳಮೂಲೆಗೆ ಬಂದು ಸೇರುತ್ತದೆ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯ ಒಳಮೂಲೆಯನ್ನು ತುಸು ಹೊರಕ್ಕೆ ಮಗುಚಿ ನೋಡಿ: ಸೂಜಿಮೊನೆಯಷ್ಟು ಚಿಕ್ಕ ರಂಧ್ರ ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಅಂಥದ್ದೇ ಒಂದಿದೆ. ಅಲ್ಲಿಂದ ಸುಮಾರು 10 ಮಿ.ಮೀ. ಉದ್ದದ ಎರಡು ಕಿರುನಾಳಗಳು ಹೊರಟು, ಹೆಚ್ಚಿನವರಲ್ಲಿ ಕೊನೆಗೆ ಒಂದಾಗಿ, ಕಣ್ಣೀರ ಚೀಲಕ್ಕೆ ಸೇರುತ್ತವೆ. ಚೀಲದ ಬುಡದಿಂದ ಇಳಿಯುವ ನಾಳ ಮೂಳೆಯ ಕೊಳವೆಯೊಂದರೊಳಗೆ ಸಾಗಿ ಮೂಗಿನ ಒಳಗೆ ತೆರೆದುಕೊಳ್ಳುತ್ತದೆ. ಅತ್ತಾಗ ಮೂಗು ಸೋರುವುದು ಇದೇ ಕಾರಣಕ್ಕೆ.

ಕಣ್ಣೀರ ಚೀಲ ಕುಳಿತಿರುವ ಗುಳಿಯ ಹಿಂಭಾಗದ ಮೂಳೆ ಕಾಗದದಷ್ಟು ತೆಳು, ಮುಖದ ಅತ್ಯಂತ ಸೂಕ್ಷ್ಮವಾದ ಮೂಳೆಗಳಲ್ಲಿ ಒಂದು. ಎರಡು ಕಣ್ಣುಗಳ ನಡುವೆ ಬಲವಾದ ಹೊಡೆತ ಬಿದ್ದರೆ ಮೂಗಿನ ಮೂಳೆ ಹಿಂದಕ್ಕೆ ಕುಸಿದು ಇದನ್ನೂ ಪುಡಿ ಮಾಡುತ್ತದೆ. ಚೀಲವನ್ನು ಮುಂದೆ ಹಿಂದೆ ಅಪ್ಪಿಕೊಂಡು ರೆಪ್ಪೆಯನ್ನು ಮೂಳೆಗೆ ಬಿಗಿದಿಡುವ ಸ್ನಾಯುಬಂಧವೂ ಅಲ್ಲೇ ಇದೆ. ಹೀಗಾಗಿ ಒಂದೇ ಏಟಿಗೆ ಮೂಳೆ, ಚೀಲ, ನಾಳ, ರೆಪ್ಪೆಯ ಹಿಡಿತ ಎಲ್ಲಕ್ಕೂ ಪೆಟ್ಟಾಗುವುದು ಸಾಧ್ಯ.

ಮುಖದ ಯಾವ ಮೂಳೆ ಮುರಿದರೂ ಹೀಗಾಗುತ್ತದೆಯೇ?

ಇಲ್ಲ. ಕೆಳದವಡೆ ಮುರಿದರೆ ಕಣ್ಣೀರ ನಾಳಕ್ಕೆ ಏನೂ ಆಗುವುದಿಲ್ಲ. ಮೂಗಿನ ತುದಿಯ ಕಡೆಯ ಸಣ್ಣ ಬಿರುಕಿನಿಂದಲೂ ಸಾಮಾನ್ಯವಾಗಿ ತೊಂದರೆಯಿಲ್ಲ. ಹೆಚ್ಚು ಅಪಾಯವಿರುವುದು ಮೂಗು, ಕಣ್ಣುಗುಳಿ, ಅವುಗಳ ನಡುವಿನ ಎಥ್ಮಾಯ್ಡ್ ಮೂಳೆ ಮೂರೂ ಒಟ್ಟಿಗೆ ಒಡೆದಾಗ. ವೈದ್ಯರು ಇದನ್ನು ಎನ್‌ಒಇ ಮುರಿತ ಎನ್ನುತ್ತಾರೆ.

ಮುಖದ ಮಧ್ಯಭಾಗವೇ ತಲೆಬುರುಡೆಯಿಂದ ಬೇರ್ಪಡುವ ಮುರಿತಗಳನ್ನು ಫ್ರಾನ್ಸಿನ ರೆನೆ ಲೆ ಫೋರ್ 1901ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು. ಶವಗಳ ತಲೆಗೆ ಬೇರೆ ಬೇರೆ ದಿಕ್ಕಿನಿಂದ ಪೆಟ್ಟು ಕೊಟ್ಟು, ಮೂಳೆ ಯಾವ ಗೆರೆಯಲ್ಲಿ ಒಡೆಯುತ್ತದೆ ಎಂದು ಅವರು ಪರೀಕ್ಷಿಸಿದ್ದರು. ಇಂದಿಗೂ ಡಿಸ್ಚಾರ್ಜ್ ಚೀಟಿಯಲ್ಲಿ ಅವರ ಹೆಸರಿರುತ್ತದೆ. ಅವುಗಳಲ್ಲಿ ಎರಡನೆಯ ಮತ್ತು ಮೂರನೆಯ ಬಗೆಯ ಗೆರೆಗಳು ಮೂಗಿನ ಮೇಲ್ಭಾಗವನ್ನು ದಾಟಿ ಕಣ್ಣೀರ ಚೀಲದ ಪಕ್ಕದಲ್ಲೇ ಹಾಯುತ್ತವೆ. ನಿಮ್ಮ ಚೀಟಿಯಲ್ಲಿ "ಲೆ ಫೋರ್ 2", "ಲೆ ಫೋರ್ 3" ಅಥವಾ "ಎನ್‌ಒಇ" ಎಂದಿದ್ದರೆ ಕಣ್ಣೀರ ದಾರಿಯ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಅಪಘಾತವಾದ ದಿನದಿಂದಲೇ ನೀರು ಬರುತ್ತಿದೆ. ನಾಳ ಹೋಗಿಯೇಬಿಟ್ಟಿತೇ?

ಗಾಬರಿ ಬೇಡ. ಮೊದಲ ಕೆಲವು ವಾರ ನೀರು ಬರಲು ಊತವೊಂದೇ ಸಾಕು. ಊದಿದ ಅಂಗಾಂಶ ನಾಳವನ್ನು ಹೊರಗಿನಿಂದ ಒತ್ತುತ್ತದೆ, ಮೂಗಿನೊಳಗೆ ರಕ್ತ ಹೆಪ್ಪುಗಟ್ಟಿ ನಾಳದ ಬಾಯಿ ಕಟ್ಟಿಕೊಂಡಿರುತ್ತದೆ. ಇವೆಲ್ಲ ತಾವಾಗಿಯೇ ಸರಿಹೋಗುವ ಸಂಗತಿಗಳು. ಮೂಗು ಮತ್ತು ಕಣ್ಣಿನ ನಡುವಿನ ಭಾಗ ತೀವ್ರವಾಗಿ ಒಡೆದವರಲ್ಲೂ, ಮೂಳೆಯನ್ನು ಸರಿಯಾಗಿ ಕೂರಿಸಿದರೆ, ಹೆಚ್ಚಿನವರಿಗೆ ಮುಂದೆ ನಾಳದ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ನಾಳ ಚೆನ್ನಾಗಿಯೇ ಇದ್ದು ಬೇರೆ ಕಾರಣಕ್ಕೆ ನೀರು ಬರುವುದೂ ಉಂಟು. ಕಪ್ಪುಗುಡ್ಡೆಯ ಮೇಲೆ ತರಚಿದ್ದರೆ ಕಣ್ಣು ಉರಿಯುತ್ತದೆ, ನೀರು ಸುರಿಯುತ್ತದೆ. ಕೆಳರೆಪ್ಪೆ ಗಾಯದ ಕಲೆಯಿಂದ ಹೊರಕ್ಕೆ ಮಗುಚಿಕೊಂಡಿದ್ದರೆ ರಂಧ್ರವೇ ಕಣ್ಣಿಗೆ ತಾಗದೆ ನೀರು ಕೆನ್ನೆಗೆ ಇಳಿಯುತ್ತದೆ. ಮುಖದ ನರಕ್ಕೆ ಪೆಟ್ಟಾಗಿ ರೆಪ್ಪೆ ಸರಿಯಾಗಿ ಮುಚ್ಚದಿದ್ದರೂ ಹಾಗೆಯೇ, ಏಕೆಂದರೆ ಕಣ್ಣೀರನ್ನು ಚೀಲಕ್ಕೆ ಎಳೆದುಕೊಳ್ಳುವ ಪಂಪು ರೆಪ್ಪೆಯ ಸ್ನಾಯುವೇ. ಕಾರಣ ಯಾವುದೆಂದು ನೋಡದೆ ನಾಳದ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ.

ಹಾಗಾದರೆ ಎಷ್ಟು ದಿನ ಕಾಯಬೇಕು?

ಗಾಯ ಯಾವ ಬಗೆಯದು ಎಂಬುದರ ಮೇಲೆ ಉತ್ತರ ನಿಂತಿದೆ. ದಯವಿಟ್ಟು ಇದನ್ನು ಗಮನವಿಟ್ಟು ಓದಿ.

ರೆಪ್ಪೆಯ ಒಳಮೂಲೆ ಹರಿದಿದ್ದರೆ ಕಾಯಬಾರದು. ರೆಪ್ಪೆಯ ಜೊತೆಗೆ ಕಿರುನಾಳವೂ ತುಂಡಾಗಿರುವ ಸಾಧ್ಯತೆ ಹೆಚ್ಚು. ತುಂಡಾದ ಎರಡು ತುದಿಗಳನ್ನು ಹುಡುಕಿ, ಒಳಗೆ ಸಿಲಿಕೋನಿನ ಸಣ್ಣ ಕೊಳವೆ (ಸ್ಟೆಂಟ್) ಇಟ್ಟು, ಸೂಕ್ಷ್ಮದರ್ಶಕದ ಕೆಳಗೆ ಹೊಲಿಯಬೇಕು. ಇದು 24ರಿಂದ 48 ಗಂಟೆಗಳೊಳಗೆ ಆದರೆ ಫಲ ಚೆನ್ನಾಗಿರುತ್ತದೆ. ತಡವಾದಷ್ಟೂ ತುದಿಗಳು ಒಳಕ್ಕೆ ಸರಿದು, ಊತದಲ್ಲಿ ಮುಚ್ಚಿಹೋಗಿ, ಸಿಗುವುದೇ ಕಷ್ಟವಾಗುತ್ತದೆ. ಹತ್ತಿರದ ಚಿಕಿತ್ಸಾಲಯದಲ್ಲಿ ರೆಪ್ಪೆಯ ಚರ್ಮಕ್ಕಷ್ಟೇ ಹೊಲಿಗೆ ಹಾಕಿಸಿಕೊಂಡರೆ ಹೊರಗಿನಿಂದ ಗಾಯ ಅಂದವಾಗಿ ಮಾಯುತ್ತದೆ, ಒಳಗೆ ನಾಳ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಹಳ್ಳಿಗಳಲ್ಲಿ ದನದ ಕೊಂಬು ತಿವಿದು, ಬೀದಿನಾಯಿ ಮಕ್ಕಳ ಮುಖಕ್ಕೆ ಕಚ್ಚಿ ಆಗುವ ಗಾಯಗಳಲ್ಲಿ ಈ ಜಾತಿಯವೂ ಇರುತ್ತವೆ. ನಾಯಿ ಕಚ್ಚಿದ್ದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಅಲ್ಲಿ ರೇಬೀಸ್ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳು) ಚುಚ್ಚಿದ ನಂತರವೇ ಹೊಲಿಗೆ.

ಚರ್ಮ ಹರಿಯದೆ ಮೂಳೆ ಮಾತ್ರ ಮುರಿದು ನೀರು ಬರುತ್ತಿದ್ದರೆ ಲೆಕ್ಕ ಬೇರೆ. ಇಲ್ಲಿ ಮೊದಲ ಕೆಲಸ ಮೂಳೆಯನ್ನು ಕೂರಿಸುವುದು. ಅದು ಸಾಮಾನ್ಯವಾಗಿ ಎರಡು ವಾರಗಳೊಳಗೆ ಆಗುತ್ತದೆ. ಮೂಳೆ ಸ್ವಸ್ಥಾನಕ್ಕೆ ಬಂದರೆ ಅದರೊಳಗಿನ ನಾಳವೂ ಎಷ್ಟೋ ಸಲ ತೆರೆದುಕೊಳ್ಳುತ್ತದೆ. ಊತದ ಹಂತದಲ್ಲಿ ನಾಳದೊಳಗೆ ಕಡ್ಡಿ ತೂರಿಸಿ ಹುಡುಕಾಡಿದರೆ ಇಲ್ಲದ ಗಾಯ ಹೊಸದಾಗಿ ಆಗುತ್ತದೆ. ಮೂಳೆ ಕೂಡಿ, ಊತ ಪೂರ್ತಿ ಇಳಿದ ಮೇಲೆ, ಅಂದರೆ ಮೂರರಿಂದ ಆರು ತಿಂಗಳ ನಂತರವೂ ನೀರು ನಿಲ್ಲದಿದ್ದರೆ ಆಗ ಮುಂದಿನ ಚಿಕಿತ್ಸೆಯ ಮಾತು. ಈ ನಡುವೆ ಕೀವು ಕಟ್ಟಿದರೆ ಅದಕ್ಕೆ ಕೂಡಲೇ ಚಿಕಿತ್ಸೆ ಆಗಬೇಕು.

ನಾಳ ಮುಚ್ಚಿದೆಯೇ ಎಂದು ಹೇಗೆ ಪತ್ತೆ ಮಾಡುತ್ತಾರೆ?

ಮೊದಲು ಎರಡೂ ಕಣ್ಣಿಗೆ ಫ್ಲೋರೆಸೀನ್ ಎಂಬ ಬಣ್ಣದ ಹನಿ ಹಾಕಿ ಐದು ನಿಮಿಷ ಕೂರಿಸುತ್ತಾರೆ. ಚೆನ್ನಾಗಿರುವ ಕಣ್ಣಿನಲ್ಲಿ ಬಣ್ಣ ಮಾಯವಾಗಿರುತ್ತದೆ. ನಾಳ ಕಟ್ಟಿದ ಕಣ್ಣಿನಲ್ಲಿ ಹಳದಿ ಹಸಿರು ಗೆರೆ ಕೆಳರೆಪ್ಪೆಯ ಅಂಚಿನಲ್ಲಿ ಹಾಗೆಯೇ ನಿಂತಿರುತ್ತದೆ. ಪುಟ್ಟ ಮಕ್ಕಳಿಗೂ ನೋವಿಲ್ಲದೆ ಮಾಡಬಹುದಾದ ಪರೀಕ್ಷೆ ಇದು.

ಆಮೇಲೆ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಒತ್ತಿದಾಗ ರೆಪ್ಪೆಯ ರಂಧ್ರದಿಂದ ಲೋಳೆಯೋ ಕೀವೋ ಹಿಂದಕ್ಕೆ ಉಕ್ಕಿದರೆ ಚೀಲದ ಕೆಳಗೆ ದಾರಿ ಮುಚ್ಚಿದೆ ಎಂಬುದು ಅಲ್ಲಿಗೇ ಖಚಿತ.

ಮುಖ್ಯ ಪರೀಕ್ಷೆ ಸಿರಿಂಜಿಂಗ್. ಮರಗಟ್ಟಿಸುವ ಹನಿ ಹಾಕಿ, ಮೊಂಡು ತುದಿಯ ಸೂಜಿಯನ್ನು ರಂಧ್ರದೊಳಗಿಟ್ಟು, ಸಲೈನ್ ನೀರನ್ನು ನಿಧಾನವಾಗಿ ತಳ್ಳುತ್ತಾರೆ. "ಗಂಟಲಿಗೆ ಉಪ್ಪುಪ್ಪು ಬಂತು" ಎಂದು ರೋಗಿ ಹೇಳಿದರೆ ದಾರಿ ತೆರೆದಿದೆ ಎಂದರ್ಥ. ಬಿಟ್ಟ ನೀರು ಅದೇ ರಂಧ್ರದಿಂದ ಮರಳಿದರೆ ಆ ಕಿರುನಾಳದಲ್ಲೇ ತಡೆ. ಕೆಳಗಿನಿಂದ ಬಿಟ್ಟದ್ದು ಮೇಲಿನ ರಂಧ್ರದಿಂದ ಚಿಮ್ಮಿದರೆ ತಡೆ ಇರುವುದು ಎರಡೂ ಕೂಡುವ ಜಾಗದಲ್ಲಿ ಅಥವಾ ಅದರಿಂದ ಕೆಳಗೆ. ಕೈಯಲ್ಲೊಂದು ಸಿರಿಂಜು ಹಿಡಿದು ಇಷ್ಟೆಲ್ಲ ತಿಳಿಯಬಹುದು. ದುಬಾರಿ ಯಂತ್ರ ಬೇಕಿಲ್ಲ, ತಾಲ್ಲೂಕು ಮಟ್ಟದ ಕಣ್ಣಿನ ವೈದ್ಯರೂ ಮಾಡಬಲ್ಲರು.

ಮೂಳೆ ಮುರಿದವರಿಗೆ ಇದರ ಜೊತೆ ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ಮುರಿದ ಚೂರು ನಾಳದೊಳಗೆ ಸಿಕ್ಕಿದೆಯೇ, ಹಾಕಿದ ಪ್ಲೇಟು ಅಥವಾ ಸ್ಕ್ರೂ ನಾಳದ ದಾರಿಗೆ ಅಡ್ಡ ಬಂದಿದೆಯೇ, ತಲೆಬುರುಡೆಯ ತಳ ಎಷ್ಟು ಕೆಳಗಿದೆ ಎಂಬುದೆಲ್ಲ ಶಸ್ತ್ರಚಿಕಿತ್ಸೆಗೆ ಮುಂಚೆ ತಿಳಿದಿರಬೇಕು. ಹಳೆಯ ಸ್ಕ್ಯಾನ್ ಫಿಲ್ಮುಗಳನ್ನು ಎಸೆಯಬೇಡಿ.

ಎರಡು ಕಣ್ಣುಗಳ ನಡುವಿನ ಅಂತರ ಜಾಸ್ತಿಯಾದಂತೆ ಕಾಣುತ್ತಿದೆ. ಇದಕ್ಕೂ ನೀರು ಬರುವುದಕ್ಕೂ ಸಂಬಂಧವಿದೆಯೇ?

ಇದೆ. ರೆಪ್ಪೆಯ ಒಳಮೂಲೆಯನ್ನು ಹಿಡಿದಿಟ್ಟ ಸ್ನಾಯುಬಂಧ ಮೂಳೆಯ ಚೂರಿನ ಸಮೇತ ಹೊರಕ್ಕೆ ಸರಿದರೆ ಆ ಮೂಲೆ ಮೊನಚು ಕಳೆದುಕೊಂಡು ಗುಂಡಗಾಗುತ್ತದೆ, ಮೂಗಿನ ಮೇಲ್ಭಾಗ ಚಪ್ಪಟೆಯಾಗುತ್ತದೆ. ದೊಡ್ಡವರಲ್ಲಿ ಎರಡು ಒಳಮೂಲೆಗಳ ನಡುವೆ ಸುಮಾರು 30ರಿಂದ 35 ಮಿ.ಮೀ. ಅಂತರವಿರುತ್ತದೆ, ಸರಿಸುಮಾರು ಎರಡು ಪಾಪೆಗಳ ನಡುವಿನ ಅಂತರದ ಅರ್ಧ. ಅಪಘಾತಕ್ಕೆ ಮುಂಚಿನ ಫೋಟೋ ತೆಗೆದುಕೊಂಡು ಹೋದರೆ ವೈದ್ಯರಿಗೆ ಬಹಳ ಅನುಕೂಲ. ಇದನ್ನು ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಸರಿಪಡಿಸಬೇಕು. ಮೂಳೆ ಅಡ್ಡಾದಿಡ್ಡಿ ಕೂಡಿಕೊಂಡ ಮೇಲೆ ಮತ್ತೆ ಒಡೆದು ಜೋಡಿಸಿದರೂ ಮೊದಲಿನ ರೂಪ ಪೂರ್ತಿ ಬರುವುದು ಕಷ್ಟ.

ಮೂಗಿನಿಂದಲೂ ತಿಳಿನೀರು ಸೋರುತ್ತಿದೆ. ಅದೂ ಕಣ್ಣೀರೇ?

ಇಲ್ಲಿ ಮಾತ್ರ ತಡ ಮಾಡಬೇಡಿ. ತಲೆ ಬಗ್ಗಿಸಿದಾಗ ಒಂದು ಹೊಳ್ಳೆಯಿಂದ ತೊಟ್ಟು ತೊಟ್ಟಾಗಿ ನೀರಿನಂಥ ದ್ರವ ಬಿದ್ದರೆ ಅದು ಮಿದುಳಿನ ಸುತ್ತಲಿರುವ ದ್ರವವಾಗಿರಬಹುದು. ಎಥ್ಮಾಯ್ಡ್ ಮೂಳೆಯ ಮೇಲ್ಛಾವಣಿಯ ಆಚೆಗೇ ಮಿದುಳು. ಆ ದಾರಿಯಿಂದ ಸೋಂಕು ಒಳಹೊಕ್ಕರೆ ಮಿದುಳು ಪೊರೆಯ ಉರಿಯೂತವಾಗುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಿ, ಮೂಗು ಊದಿ ಸಿಂಬಳ ತೆಗೆಯಬೇಡಿ. ಅಪಘಾತದ ನಂತರ ಕಣ್ಣು ಮುಂದಕ್ಕೆ ಉಬ್ಬಿ, ವಿಪರೀತ ನೋವಿದ್ದು, ದೃಷ್ಟಿ ಮಂದವಾಗುತ್ತ ಹೋದರೆ ಅದು ಇನ್ನೂ ತುರ್ತು. ಗಂಟೆಗಳ ಅಂತರದಲ್ಲಿ ದೃಷ್ಟಿಯೇ ಹೋಗಬಹುದು.

ನೀರು ತಾನೇ ಬರುತ್ತಿರುವುದು? ಒರೆಸಿಕೊಂಡು ಇದ್ದುಬಿಟ್ಟರೆ ಏನಾಗುತ್ತದೆ?

ಬಚ್ಚಲಿನ ತೂಬು ಕಟ್ಟಿಕೊಂಡರೆ ನಿಂತ ನೀರು ಕೆಡುವಂತೆ ಚೀಲದಲ್ಲಿ ನಿಂತ ಕಣ್ಣೀರೂ ಕೆಡುತ್ತದೆ. ಬೆಳಗೆದ್ದಾಗ ರೆಪ್ಪೆಗಳು ಪಿಸುರಿನಿಂದ ಅಂಟಿಕೊಂಡಿರುತ್ತವೆ. ಒಳಮೂಲೆಯಲ್ಲಿ ಸಣ್ಣ ಗಂಟಿನಂತೆ ಊತ ಬರುತ್ತದೆ. ಒಂದು ದಿನ ಅದೇ ಕೆಂಪಾಗಿ, ಮುಟ್ಟಲಾಗದಷ್ಟು ನೋವಾಗಿ, ಜ್ವರ ಬಂದು, ಚರ್ಮ ಒಡೆದು ಕೀವು ಹೊರಬರಬಹುದು. ಹಾಗಾದಾಗ ಮೊದಲು ಆಂಟಿಬಯೋಟಿಕ್ ಕೊಟ್ಟು ಸೋಂಕು ಇಳಿಸಬೇಕು. ಅದು ತಣಿದ ಮೇಲೆ ದಾರಿಯನ್ನು ಸರಿಪಡಿಸಬೇಕು, ಇಲ್ಲದಿದ್ದರೆ ಸೋಂಕು ಮರುಕಳಿಸುತ್ತಲೇ ಇರುತ್ತದೆ. ಮುರಿತವಾಗಿ ವರ್ಷಗಳೇ ಕಳೆದ ಮೇಲೆ ಹೀಗೆ ಮೊದಲ ಸಲ ಕೀವು ಕಟ್ಟುವುದೂ ಇದೆ.

ಹೊಲದಲ್ಲಿ ದುಡಿಯುವವರಿಗೆ ಇನ್ನೊಂದು ಅಪಾಯವಿದೆ. ಭತ್ತದ ಗರಿ ತಾಗಿ ಕಪ್ಪುಗುಡ್ಡೆ ತರಚಿದರೆ, ಪಕ್ಕದಲ್ಲೇ ಕೀವಿನ ಚೀಲವಿದ್ದಾಗ ಆ ಸಣ್ಣ ಗಾಯ ಹುಣ್ಣಾಗಿ ದೃಷ್ಟಿ ಕಳೆಯಬಹುದು. ಕಣ್ಣಿನ ಪೊರೆಯ (ಕ್ಯಾಟರ್ಯಾಕ್ಟ್) ಶಸ್ತ್ರಚಿಕಿತ್ಸೆಗೂ ಇದು ಅಡ್ಡಿ. ನೇತ್ರ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಸಿರಿಂಜಿಂಗ್ ಮಾಡಿ, ಕೀವು ಬಂದವರನ್ನು "ಮೊದಲು ಇದು ವಾಸಿಯಾಗಲಿ" ಎಂದು ಹಿಂದಕ್ಕೆ ಕಳಿಸುವುದು ಈ ಕಾರಣಕ್ಕೇ. ಆ ಕೀವು ಕಣ್ಣಿನೊಳಗೆ ಸೇರಿದರೆ ಕಣ್ಣೇ ಉಳಿಯದಿರಬಹುದು. ಶಿಬಿರದವರು ವಾಪಸು ಕಳಿಸಿದರೆಂದು ಬೇಸರಪಡಬೇಡಿ, ಅವರು ನಿಮ್ಮ ಕಣ್ಣನ್ನು ಕಾಪಾಡಿದ್ದಾರೆ.

ನಂದಿಬಟ್ಟಲ ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ ಹಾಕಬಹುದೇ? ಮಾಲೀಶು ಮಾಡಿದರೆ ನಾಳ ಬಿಡುವುದೇ?

ಬೇಡ. ಮೂಳೆಯ ಚೂರಿನಿಂದಲೋ ಗಾಯದ ಕಲೆಯಿಂದಲೋ ಮುಚ್ಚಿದ ದಾರಿಯನ್ನು ಯಾವ ಹನಿಯೂ ತೆರೆಯಲಾರದು, ಆಸ್ಪತ್ರೆಯಲ್ಲಿ ಕೊಡುವ ಹನಿ ಕೂಡ. ಶುಚಿಯಲ್ಲದ್ದು ಕಣ್ಣಿಗೆ ಬಿದ್ದರೆ ಸೋಂಕು ಹೆಚ್ಚುತ್ತದೆ. ಹುಟ್ಟುವಾಗಲೇ ನಾಳ ಮುಚ್ಚಿರುವ ಹಸುಗೂಸುಗಳಿಗೆ ಮಾಲೀಶು ಒಳ್ಳೆಯ ಚಿಕಿತ್ಸೆ, ಅಲ್ಲಿ ತಡೆ ಇರುವುದು ಬರೀ ತೆಳು ಪೊರೆ. ಮುರಿತದ ನಂತರದ ತಡೆಗೆ ಅದು ಉಪಯೋಗವಿಲ್ಲ.

ಡಿಸಿಆರ್ ಎಂದರೇನು?

ಮುಚ್ಚಿದ ನಾಳವನ್ನು ಬಿಡಿಸುವ ಬದಲು, ಕಣ್ಣೀರ ಚೀಲದಿಂದ ನೇರವಾಗಿ ಮೂಗಿನೊಳಕ್ಕೆ ಹೊಸ ಬಾಗಿಲು ತೆರೆಯುವ ಶಸ್ತ್ರಚಿಕಿತ್ಸೆ. ನಡುವಿನ ಮೂಳೆಯನ್ನು ಒಂದರಿಂದ ಒಂದೂವರೆ ಸೆಂ.ಮೀ.ನಷ್ಟು ತೆಗೆದು, ಚೀಲದ ಒಳಪದರವನ್ನು ಮೂಗಿನ ಒಳಪದರಕ್ಕೆ ಕೂಡಿಸುತ್ತಾರೆ. ಇಟಲಿಯ ಫ್ಲಾರೆನ್ಸಿನ ಅಡ್ಡೇಯೋ ಟೋಟಿ 1904ರಲ್ಲಿ ಇದರ ಮೂಲ ವಿಧಾನವನ್ನು ಪ್ರಕಟಿಸಿದರು. 1921ರಲ್ಲಿ ಫ್ರಾನ್ಸಿನ ದ್ಯುಪುಯಿ-ದ್ಯುತಾಂ ಮತ್ತು ಬೂರ್ಗೆ ಎರಡು ಪದರಗಳನ್ನು ಹೊಲಿದು ಕೂಡಿಸುವುದನ್ನು ಸೇರಿಸಿದ ಮೇಲೆ ಫಲಿತಾಂಶ ಸುಧಾರಿಸಿತು. ಹೊರಗಿನಿಂದ ಮಾಡುವಾಗ ಮೂಗಿನ ಪಕ್ಕದಲ್ಲಿ ಸಣ್ಣ ಗಾಯ ಮಾಡುತ್ತಾರೆ, ಅದರ ಕಲೆ ಕಾಲಕ್ರಮೇಣ ಮಾಸುತ್ತದೆ. ಮೂಗಿನೊಳಗಿನಿಂದ ಎಂಡೋಸ್ಕೋಪ್ (ಒಳಭಾಗವನ್ನು ತೋರಿಸುವ ಸಣ್ಣ ದರ್ಶಕ) ಬಳಸಿ ಮಾಡಿದರೆ ಹೊರಗೆ ಕಲೆಯೇ ಇಲ್ಲ.

ಯಾವುದು ಮೇಲು ಎಂದು ಎಲ್ಲರೂ ಕೇಳುತ್ತಾರೆ. ಅನುಭವಿ ಕೈಯಲ್ಲಿ ಎರಡೂ ಒಳ್ಳೆಯವೇ. ಮುರಿತದ ನಂತರ ಮೂಳೆಯ ಗುರುತುಗಳೇ ಅದಲುಬದಲಾಗಿರುತ್ತವೆ, ಪ್ಲೇಟು ಅಡ್ಡ ಇರುತ್ತದೆ. ಹೊರಗಿನ ದಾರಿಯಲ್ಲಿ ಎಲ್ಲವೂ ಕಣ್ಣೆದುರು ತೆರೆದು ಕಾಣುತ್ತದೆ, ಆದ್ದರಿಂದ ಇಂಥ ಸಂದರ್ಭದಲ್ಲಿ ಅದನ್ನು ಆರಿಸುವ ವೈದ್ಯರನ್ನು ಹಳೆಯ ಕಾಲದವರೆಂದು ತಿಳಿಯಬೇಡಿ. ವಿಧಾನಕ್ಕಿಂತ ವೈದ್ಯರ ಅನುಭವವನ್ನು ನೋಡಿ ಆರಿಸಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಶಸ್ತ್ರಚಿಕಿತ್ಸೆಯ ನಂತರ ಒಂದೆರಡು ದಿನ ಮೂಗಿನಿಂದ ರಕ್ತ ಜಿನುಗಬಹುದು. ಮೂಗು ಊದಿ ಸಿಂಬಳ ತೆಗೆಯುವುದು, ಭಾರ ಎತ್ತುವುದು, ಬಿಸಿಬಿಸಿ ಕಾಫಿ ಕುಡಿಯುವುದು ವೈದ್ಯರು ಹೇಳುವವರೆಗೆ ಬೇಡ. ಸೀನು ಬಂದರೆ ಬಾಯಿ ತೆರೆದು ಸೀನಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು. ದಾರಿ ಮುಚ್ಚದಂತೆ ಒಳಗೆ ಸಿಲಿಕೋನ್ ಎಳೆ ಇಟ್ಟಿದ್ದರೆ ಅದನ್ನು ಕೆಲವು ವಾರಗಳಿಂದ ಕೆಲವು ತಿಂಗಳುಗಳ ನಂತರ ಹೊರರೋಗಿ ವಿಭಾಗದಲ್ಲೇ ತೆಗೆಯುತ್ತಾರೆ. ಅಲ್ಲಿಯವರೆಗೆ ಕಣ್ಣುಜ್ಜಬೇಡಿ. ಮೂಲೆಯಲ್ಲಿ ಎಳೆ ಕುಣಿಕೆಯಂತೆ ಹೊರಬಂದರೆ ಎಳೆಯದೆ, ಕತ್ತರಿಸದೆ, ಆಸ್ಪತ್ರೆಗೆ ಬನ್ನಿ.

ಪೂರ್ತಿ ಗುಣವಾಗುತ್ತದೆಯೇ?

ಪೆಟ್ಟಿಲ್ಲದೆ ತಾನಾಗಿ ನಾಳ ಮುಚ್ಚಿದವರಲ್ಲಿ ಡಿಸಿಆರ್ 100ರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಫಲ ಕೊಡುತ್ತದೆ. ಮುರಿತದ ನಂತರ ಮಾಡಿದಾಗ ಯಶಸ್ಸು ಅದಕ್ಕಿಂತ ತುಸು ಕಡಿಮೆಯಿರುತ್ತದೆ, ಕೆಲವರಿಗೆ ಎರಡನೆಯ ಸಲ ಮಾಡಬೇಕಾಗುತ್ತದೆ. ಆದರೂ ಬಹುಪಾಲು ಜನರಿಗೆ ಒಳ್ಳೆಯದೇ ಆಗುತ್ತದೆ.

ಆದರೆ ದಾರಿ ತೆರೆಯುವುದು ಬೇರೆ, ಕಣ್ಣು ಒಣಗುವುದು ಬೇರೆ. ಕೆಲವರಲ್ಲಿ ಸಿರಿಂಜಿಂಗ್ ಮಾಡಿದರೆ ನೀರು ಸರಾಗವಾಗಿ ಗಂಟಲಿಗಿಳಿಯುತ್ತದೆ, ಆದರೆ ಗಾಳಿಗೆ ಹೊರಟಾಗ ಕಣ್ಣು ಇನ್ನೂ ತುಂಬಿಕೊಳ್ಳುತ್ತದೆ. ರೆಪ್ಪೆಯ ಸ್ನಾಯು ಸೋತಿದ್ದರೆ, ಒಳಮೂಲೆ ಸ್ಥಳ ತಪ್ಪಿದ್ದರೆ ಹೀಗಾಗುತ್ತದೆ. ಮೊದಲು ದಿನವಿಡೀ ಕರವಸ್ತ್ರ ಕೈಯಲ್ಲಿದ್ದವರಿಗೆ ಈಗ ಗಾಳಿಯಲ್ಲಿ ಮಾತ್ರ ಬೇಕಾದರೆ ಅದೂ ದೊಡ್ಡ ಬದಲಾವಣೆಯೇ. ಕೀವು ನಿಂತಿತೆಂದರೆ ಕಣ್ಣಿಗಿದ್ದ ಮುಖ್ಯ ಅಪಾಯ ಹೋಯಿತು. ಎರಡು ಕಿರುನಾಳಗಳಲ್ಲಿ ಒಂದು ಮುಚ್ಚಿದರೂ ಇನ್ನೊಂದರಿಂದಲೇ ಆರಾಮವಾಗಿರುವವರು ಬಹಳ ಮಂದಿ ಇದ್ದಾರೆ.

ಎರಡೂ ಕಿರುನಾಳಗಳು ಹಾಳಾಗಿದ್ದರೆ ಡಿಸಿಆರ್‌ನಿಂದ ಪ್ರಯೋಜನವಿಲ್ಲ, ಏಕೆಂದರೆ ನೀರು ಚೀಲದವರೆಗೇ ತಲುಪುವುದಿಲ್ಲ. ಆಗ ಕಣ್ಣಿನ ಒಳಮೂಲೆಯಿಂದ ಮೂಗಿಗೆ ಗಾಜಿನ ಪುಟ್ಟ ಕೊಳವೆ ಇಡುತ್ತಾರೆ. ಇದನ್ನು ರೂಪಿಸಿದ ಅಮೆರಿಕದ ವೈದ್ಯ ಲೆಸ್ಟರ್ ಜೋನ್ಸ್ ಹೆಸರಿನಲ್ಲಿ ಜೋನ್ಸ್ ಟ್ಯೂಬ್ ಎನ್ನುತ್ತಾರೆ. ಕೆಲಸ ಮಾಡುತ್ತದೆ, ಆದರೆ ಜೀವನಪೂರ್ತಿ ಜೋಪಾನ ಬೇಕು. ಸೀನುವಾಗ ಕಣ್ಣು ಮುಚ್ಚಿ ಬೆರಳಿನಿಂದ ಮೂಲೆಯನ್ನು ಒತ್ತಿ ಹಿಡಿಯದಿದ್ದರೆ ಕೊಳವೆ ಹೊರಕ್ಕೆ ಬಂದುಬಿಡಬಹುದು.

ಹೆಲ್ಮೆಟ್ ಹಾಕಿದ್ದೆ. ಆದರೂ ಹೀಗೇಕಾಯಿತು?

ನೆತ್ತಿಯನ್ನಷ್ಟೇ ಮುಚ್ಚುವ ಅರ್ಧ ಹೆಲ್ಮೆಟ್ ಮೂಗು, ಕೆನ್ನೆ, ಕಣ್ಣುಗುಳಿಗಳನ್ನು ಕಾಯುವುದಿಲ್ಲ. ಮುಖ ಮುಂದಾಗಿ ಬಿದ್ದಾಗ ಮೊದಲು ನೆಲಕ್ಕೆ ತಾಗುವುದು ಅವೇ. ಗದ್ದದವರೆಗೆ ಮುಚ್ಚುವ, ಐಎಸ್‌ಐ ಗುರುತಿನ ಪೂರ್ಣ ಹೆಲ್ಮೆಟ್ಟನ್ನು ಪಟ್ಟಿ ಬಿಗಿದು ಧರಿಸಬೇಕು. ಹಿಂದೆ ಕುಳಿತವರಿಗೂ ಅದೇ ಬೇಕು.

ಯಾವ ವೈದ್ಯರನ್ನು ಕಾಣಬೇಕು? ಖರ್ಚಿಗೆ ಏನು ದಾರಿ?

ಮೂಳೆ ಕೂರಿಸುವವರು ಮುಖ ಮತ್ತು ದವಡೆಯ ಶಸ್ತ್ರವೈದ್ಯರು ಅಥವಾ ಪ್ಲಾಸ್ಟಿಕ್ ಸರ್ಜನ್. ನಾಳವನ್ನು ನೋಡುವವರು ಆಕ್ಯುಲೋಪ್ಲಾಸ್ಟಿ (ರೆಪ್ಪೆ ಮತ್ತು ಕಣ್ಣೀರ ದಾರಿಯ ಶಸ್ತ್ರಚಿಕಿತ್ಸೆ) ಕಲಿತ ಕಣ್ಣಿನ ವೈದ್ಯರು, ಎಂಡೋಸ್ಕೋಪಿನ ಕೆಲಸಕ್ಕೆ ಇಎನ್‌ಟಿ ವೈದ್ಯರೂ ಜೊತೆಯಾಗುತ್ತಾರೆ. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ವಿಚಾರಿಸಿ. ರಸ್ತೆ ಅಪಘಾತಕ್ಕೆ ಒಳಗಾದವರಿಗೆ ಕೇಂದ್ರ ಸರ್ಕಾರ 2025ರಲ್ಲಿ ಜಾರಿಗೆ ತಂದ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಹರಿದ ಕಿರುನಾಳದ ಹೊಲಿಗೆ ಈ ಏಳು ದಿನಗಳೊಳಗೇ ಆಗಬೇಕಾದದ್ದು. ತಿಂಗಳುಗಳ ನಂತರದ ಡಿಸಿಆರ್ ಈ ಅವಧಿಯಲ್ಲಿ ಬರುವುದಿಲ್ಲ. ಅದಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಅನ್ವಯಿಸುತ್ತದೆಯೇ ಎಂದು ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ಕೇಳಿ.

ಮೋಟಾರು ಅಪಘಾತ ಪರಿಹಾರದ ಪ್ರಕರಣ ಹೂಡಿರುವವರು ಕಣ್ಣಲ್ಲಿ ನೀರು ಬರುತ್ತಿರುವ ವಿಷಯವನ್ನು ಮೊದಲ ಭೇಟಿಯಿಂದಲೇ ಚೀಟಿಯಲ್ಲಿ ಬರೆಸಬೇಕು. ಸಿರಿಂಜಿಂಗ್‌ನ ಫಲಿತಾಂಶ, ಎಡಗಣ್ಣೋ ಬಲಗಣ್ಣೋ ಎಂಬುದು, ತಾರೀಖು, ಮುಂದೆ ಶಸ್ತ್ರಚಿಕಿತ್ಸೆ ಬೇಕಾಗಬಹುದೆಂಬ ವೈದ್ಯರ ಅಭಿಪ್ರಾಯ ಇವೆಲ್ಲ ಬರಹದಲ್ಲಿರಲಿ. ಮೂಳೆ ಕೂಡಿತು ಎಂಬ ಒಂದೇ ಸಾಲಿನ ವರದಿ ಹಿಡಿದು ರಾಜಿಗೆ ಸಹಿ ಹಾಕಿದರೆ, ಆರು ತಿಂಗಳ ನಂತರದ ನಾಳದ ಚಿಕಿತ್ಸೆಯ ಖರ್ಚು ನಿಮ್ಮ ತಲೆಯ ಮೇಲೆಯೇ ಬೀಳಬಹುದು.